ಸಂಘದ ಸುದ್ದಿ ಸದಸ್ಯರ ಮನೆಗೆ: ಮೊಬೈಲಿನ ಸದುಪಯೋಗ

ಸಹಕಾರ ಸಂಘವೆಂದರೆ ಗೋದಾಮು, ತಕ್ಕಡಿ, ಸಾಲದ ಲೆಕ್ಕ ಇಷ್ಟೇ ಅಲ್ಲ. ಸಂಘಕ್ಕೆ ತಿಳಿದ ಸಂಗತಿ ಸಕಾಲದಲ್ಲಿ ಸದಸ್ಯರಿಗೂ ತಿಳಿಯಬೇಕು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ಒಂದು ಹಳ್ಳಿಯ ಸಂಘ, ಬಾಯಿಮಾತೇ ಸಾಕಾಗುತ್ತಿತ್ತು. 1973ರಲ್ಲಿ ಕರ್ನಾಟಕ, ಕೇರಳಗಳೆರಡರ ಅಡಿಕೆ ಬೆಳೆಗಾರರಿಗಾಗಿ ಕ್ಯಾಂಪ್ಕೊ ಹುಟ್ಟಿದಾಗ ಬಾಯಿಮಾತು ಸಾಲದಾಯಿತು. ಇಂದು ರೋಣ ತಾಲ್ಲೂಕಿನ ಅಬ್ಬಿಗೇರಿಯ ಎರೆಹೊಲದ ರೈತರಲ್ಲೂ ಮಲೆನಾಡಿನ ತೋಟದವರಲ್ಲೂ ಅದೇ ಮೊಬೈಲ್ ಇದೆ. ಅದನ್ನು ನಾವು ಹೇಗೆ ಬಳಸಬೇಕೆಂಬುದೇ ಪ್ರಶ್ನೆ.

ಇದರಿಂದ ಏನು ಸಾಧ್ಯವೆಂಬುದಕ್ಕೆ 2021ರ 'ಬಾಕಾಹು' ಉತ್ತಮ ನಿದರ್ಶನ. ಬಾಳೆಗೆ ಬೆಲೆಯಿಲ್ಲದ ಆ ದಿನಗಳಲ್ಲಿ ಬಾಳೆಕಾಯಿ ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಕ್ರಮ ವಾಟ್ಸಾಪ್ ಬಳಗದ ಮೂಲಕ ಹಬ್ಬಿತು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗೃಹಿಣಿಯರು ಅದರಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಚಿತ್ರ ಸಹಿತ ಹಂಚಿಕೊಂಡರು. ಮಾಡಿದವರೇ ಹೇಳಿದ್ದರಿಂದ ಓದಿದವರಿಗೆ ನಂಬಿಕೆ ಬಂತು. ಕೃಷಿಕರೇ ಬರೆಯಬೇಕೆಂದು 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ದಾರಿಯೂ ಇದೇ.

ಒಂದೊಂದು ಸಾಧನಕ್ಕೆ ಒಂದೊಂದು ಕೆಲಸ:

1. ವಾಟ್ಸಾಪ್: ಆ ದಿನದ ಸುದ್ದಿಗೆ ಮಾತ್ರ. ಧಾರಣೆ, ಗೊಬ್ಬರದ ದಾಸ್ತಾನು, ಸಭೆಯ ದಿನ. ಸೂಚನೆಗಳ ಗುಂಪಿನಲ್ಲಿ ಸಂಘದವರು ಮಾತ್ರ ಬರೆಯುವಂತೆ ಇರಿಸಿದರೆ ಮುಖ್ಯ ವಿಷಯ ಶುಭಾಶಯಗಳ ನಡುವೆ ಕಳೆದುಹೋಗುವುದಿಲ್ಲ.

2. ವಿಡಿಯೊ: ಕಣ್ಣಾರೆ ಕಂಡು ಕಲಿಯುವ ಕೆಲಸಕ್ಕೆ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂದು ಬರೆದು ತಿಳಿಸಬಹುದು. ಆದರೆ ಬೋರ್ಡೊ ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕು ಕೆಂಪಾದರೆ ಸುಣ್ಣ ಸಾಲದೆಂಬುದನ್ನು ತೋರಿಸಿದರೇ ಚೆನ್ನ.

3. ಬ್ಲಾಗ್: ಉಳಿಯಬೇಕಾದ ಬರಹಕ್ಕೆ. ವಾಟ್ಸಾಪ್ ಸಂದೇಶ ಮರುದಿನ ಮರೆಯಾಗುತ್ತದೆ; ಬ್ಲಾಗಿನ ಲೇಖನ ಮುಂದಿನ ಮಳೆಗಾಲದಲ್ಲಿ ಹುಡುಕಿದರೂ ಸಿಗುತ್ತದೆ. ನಮ್ಮ ಕಾಫಿ ಕೊಳ್ಳಬಯಸುವ ದೂರದೂರಿನವರೂ ಅದನ್ನು ಓದಬಹುದು.

ಧಾರಣೆ ಹಾಕುವಾಗ ಹೆಚ್ಚಿನ ಎಚ್ಚರ ಅಗತ್ಯ. ದಿನಾಂಕ, ಮಾರುಕಟ್ಟೆ, ದರ್ಜೆ, ತೂಕ ಈ ನಾಲ್ಕೂ ಇರಲೇಬೇಕು. ರಾಶಿ ಅಡಿಕೆಯ ದರ ಕ್ವಿಂಟಾಲಿಗೆ, ಮಂಗಳೂರಿನ ಚಾಲಿಯದು ಕಿಲೊಗೆ, ಕಾಫಿಯದು 50 ಕಿಲೊ ಚೀಲಕ್ಕೆ. ಬರಿಯ ಅಂಕಿ ದಾರಿ ತಪ್ಪಿಸುತ್ತದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಕೊನೆಗೊಂಡ ಮೇಲೆ, ಯಾವಾಗ ಮಾರಬೇಕೆಂಬ ನಿರ್ಧಾರ ಬೆಳೆಗಾರನದೇ. ದರ ಕುಸಿಯಿತು, ಅಡಿಕೆ ನಿಷೇಧವಾಯಿತು ಎಂಬ ಬುಡವಿಲ್ಲದ ಸುದ್ದಿಗೆ ಹೆದರಿ ಎರಡು ಎಕರೆಯ ರೈತ ಫಸಲು ಮಾರಿದರೆ, ಅವನ ವರ್ಷದ ದುಡಿಮೆಯೇ ಹೋಯಿತು. ಆದ್ದರಿಂದ ಮೂಲ ತಿಳಿಯದ ಸಂದೇಶವನ್ನು ಮುಂದೆ ಕಳಿಸಬಾರದು. ಸಂಘದ ಕಚೇರಿಯಲ್ಲಿ ವಿಚಾರಿಸಬೇಕು. ಸಂಘವೂ ಆ ದಿನವೇ ಸ್ಪಷ್ಟನೆ ಕೊಡಬೇಕು. ಸಂಘ ಸುಮ್ಮನಿದ್ದರೆ ಗಾಳಿಸುದ್ದಿಯೇ ನಿಜವಾಗಿಬಿಡುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು, ಸಿಗ್ನಲ್ ಸಿಗದ ಕಣಿವೆಯವರು ನಮ್ಮಲ್ಲಿ ಇದ್ದಾರೆ. ಅವರೂ ಸಮಾನ ಸದಸ್ಯರೇ. ಕಚೇರಿಯ ಸೂಚನಾ ಫಲಕವೂ ಈ ಪತ್ರಿಕೆಯೂ ಎಂದಿನಂತೆ ಇರಲೇಬೇಕು. ಸುದ್ದಿ ಮೊದಲು ತಲುಪಿದವರು ಪಕ್ಕದ ತೋಟದವರಿಗೂ ತಿಳಿಸಬೇಕೆಂದು ಕೋರುತ್ತೇವೆ.