ಬೀಡಿ ಬಿಟ್ಟ ಮೇಲೆ

ಕಲಬುರಗಿ ನಗರದಿಂದ ಜೇವರ್ಗಿಯ ಕಡೆಗೆ ಹೊರಟವರಿಗೆ ಕೋಟನೂರ ಎದುರಾಗುತ್ತದೆ. ಹಿಂದೆ ಅದು ಹೊಲಗಳ ನಡುವಿನ ಹಳ್ಳಿ. ಈಗ ನಗರವೇ ಅದರ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿಯ ಹಿರಿಯ ರೈತರೊಬ್ಬರು ನನಗೆ ಬಹುಕಾಲದ ಪರಿಚಿತರು. ನಲವತ್ತು ವರ್ಷ ಬಿಡದೆ ಬೀಡಿ ಸೇದಿದವರು, ತೊಗರಿಯ ರಾಶಿ ಮುಗಿದ ಮೇಲೆ, ಮೊಮ್ಮಗಳ ಹಟಕ್ಕೆ ಸೋತು ಬೀಡಿಯ ಕಟ್ಟನ್ನು ಒಲೆಗೆ ಹಾಕಿದರು. ಮೂರು ವಾರಗಳ ತರುವಾಯ ನಾನು ಕಂಡಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ.

"ಬೀಡಿ ಬಿಟ್ಟ ಮ್ಯಾಗ ಕೆಮ್ಮು ಹೆಚ್ಚಾಗ್ಯಾದ್ರಿ ಮಾಸ್ತರ್ರೇ. ದಮ್ಮೂ ಹತ್ತಲತ್ತದ. ಇದ್ಕಿಂತ ಬೀಡೀನೇ ಚಲೋ ಇತ್ತು ನೋಡ್ರಿ" ಎಂದರು.

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅವರ ಅನುಭವ ಸುಳ್ಳಲ್ಲ; ಅದಕ್ಕೆ ಅವರು ಕಂಡುಕೊಂಡ ಕಾರಣ ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮಂದಿ ಬಿಟ್ಟ ಬೀಡಿಯನ್ನು ಮತ್ತೆ ಹಚ್ಚುತ್ತಾರೆ. ಆದುದರಿಂದ ಹೊಗೆ ನಿಂತ ಮೇಲೆ ದೇಹದೊಳಗೆ ನಡೆಯುವುದೇನೆಂಬುದನ್ನು ತಿಳಿಯುವುದು ಅವಶ್ಯಕ.

ಮೊದಲು ಕೆಮ್ಮನ್ನು ನೋಡೋಣ. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಇವುಗಳಿಗೆ ಲೋಮಾಂಗಗಳೆಂದು ಹೆಸರು. ಇವುಗಳ ಮೇಲೆ ಲೋಳೆಯ ತೆಳುವಾದ ಪದರವೊಂದು ಹರಡಿರುತ್ತದೆ. ಉಸಿರಿನೊಡನೆ ಒಳಹೊಕ್ಕ ಧೂಳೂ ರೋಗಾಣುಗಳೂ ಆ ಲೋಳೆಗೆ ಅಂಟಿಕೊಳ್ಳುತ್ತವೆ. ಬೆಳೆದುನಿಂತ ಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ತೆನೆಗಳೆಲ್ಲ ಒಂದೇ ಕಡೆಗೆ ಬಾಗುವಂತೆ ಲೋಮಾಂಗಗಳು ಅಲೆಯಲೆಯಾಗಿ ಬಳುಕುತ್ತ ಲೋಳೆಯನ್ನು ಗಂಟಲಿನ ಕಡೆಗೆ ದೂಡುತ್ತವೆ. ಹಗಲಿರುಳು ನಡೆಯುವ ಈ ಕೆಲಸ ನಮ್ಮ ಅರಿವಿಗೇ ಬರುವುದಿಲ್ಲ.

ತಂಬಾಕಿನ ಹೊಗೆ ಈ ರೋಮಗಳನ್ನು ಜಡಗೊಳಿಸುತ್ತದೆ, ಕ್ರಮೇಣ ನಾಶಪಡಿಸುತ್ತದೆ. ಅದೇ ಹೊಗೆ ಲೋಳೆಯನ್ನು ಸ್ರವಿಸುವ ಗ್ರಂಥಿಗಳನ್ನು ಕೆರಳಿಸಿ ಹಿಗ್ಗಿಸುತ್ತದೆ. ಕಸ ಹೆಚ್ಚಿತು, ಗುಡಿಸುವವರು ಇಲ್ಲವಾದರು. ಹೊಗೆ ನಿಂತ ಮೇಲೆ ಕೆಲವು ವಾರಗಳಲ್ಲಿ ಲೋಮಾಂಗಗಳು ಚೇತರಿಸಿಕೊಂಡು ಕೆಲಸಕ್ಕೆ ತೊಡಗುತ್ತವೆ. ಅಲ್ಲಿಯವರೆಗೆ ತಳದಲ್ಲಿ ನಿಂತಿದ್ದ ಕಫ ಮೇಲಕ್ಕೆ ಬರತೊಡಗುತ್ತದೆ. ಆದಕಾರಣ ಕೆಲವರಿಗೆ ಕೆಲಕಾಲ ಕೆಮ್ಮು ಹೆಚ್ಚಿದಂತೆ ತೋರುವುದುಂಟು. ತಿಂಗಳುಗಳು ಕಳೆದಂತೆ ಅದು ಸಾಮಾನ್ಯವಾಗಿ ಇಳಿಮುಖವಾಗುತ್ತದೆ.

ಇನ್ನು ದಮ್ಮು. ಇದೊಂದು ವಿಚಿತ್ರವಾದ ಶಬ್ದ. ಪಾರಸಿಯಲ್ಲಿ ಇದರ ಅರ್ಥ ಉಸಿರು. ನಮ್ಮ ಕಡೆ ಬೀಡಿಯ ಹೊಗೆಯನ್ನು ಎಳೆಯುವುದೂ ದಮ್ಮು, ಉಸಿರು ಸಾಲದೆ ಏದುವುದೂ ದಮ್ಮು!

ದಮ್ಮಿನ ಕಥೆ ಕೆಮ್ಮಿನಷ್ಟು ಸರಳವಲ್ಲ. ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ವಾಯುಕೋಶಗಳಿವೆ. ಆಮ್ಲಜನಕ ರಕ್ತವನ್ನು ಸೇರುವುದು ಇವುಗಳ ತೆಳುಗೋಡೆಗಳ ಮೂಲಕ. ವರ್ಷಗಟ್ಟಲೆ ಹೊಗೆ ಕುಡಿದವರಲ್ಲಿ ಅನೇಕರಿಗೆ ಈ ಗೋಡೆಗಳು ಶಿಥಿಲವಾಗಿ, ಹಲವು ಕೋಶಗಳು ಕೂಡಿ ಸಡಿಲ ಚೀಲಗಳಾಗುತ್ತವೆ, ಶ್ವಾಸನಾಳಗಳು ಕಿರಿದಾಗುತ್ತವೆ. ಹೀಗೆ ನಾಶವಾದ ಗೋಡೆಗಳು ಬೀಡಿ ಬಿಟ್ಟರೂ ಮತ್ತೆ ಬೆಳೆಯುವುದಿಲ್ಲ. ಹಾಗಾದರೆ ಈ ಹಾನಿ ಮೊದಲು ಏಕೆ ತಿಳಿಯಲಿಲ್ಲ? ನಮ್ಮ ರೈತರನ್ನೇ ಕೇಳಿದೆ. ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಅವರು ಮೂರು ಕಡೆ ಕುಳಿತು ಬೀಡಿ ಹಚ್ಚುತ್ತಿದ್ದರಂತೆ. ಬೀಡಿಯ ನೆಪದಲ್ಲಿ ದೇಹಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಬೀಡಿ ಹೋಯಿತು, ಕೂರುವ ನೆಪವೂ ಹೋಯಿತು. ಎಂದೋ ಬಂದು ಸೇರಿದ್ದ ದಮ್ಮು ಆಗ ಪ್ರಕಟವಾಯಿತು.

ಇದರೊಡನೆ ನಿಕೋಟಿನ್ನಿನ ಹಂಬಲವೂ ಸೇರುತ್ತದೆ. ಹೊಗೆಯಲ್ಲಿರುವ ಈ ವಸ್ತು ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುವಂಥದು. ಅದು ದೊರೆಯದಾದಾಗ ಚಡಪಡಿಕೆ, ಸಿಡುಕು, ನಿದ್ರಾಭಂಗ ತಲೆದೋರುತ್ತವೆ. ಕೆಲವರಿಗೆ ಎದೆ ಬಿಗಿದಂತೆಯೂ ಆಗುತ್ತದೆ. ಮೊದಲ ವಾರದಲ್ಲಿ ಪ್ರಬಲವಾಗಿರುವ ಈ ಬಾಧೆ ಕೆಲವು ವಾರಗಳಲ್ಲಿ ಶಮನವಾಗುತ್ತದೆ.

ಆದರೆ ರಕ್ತದ ಸಾಕ್ಷ್ಯ ಬೇರೆಯೇ ಇದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಹೊಗೆ ನಿಂತ ಒಂದೆರಡು ದಿನಗಳಲ್ಲಿ ಅದು ರಕ್ತದಿಂದ ತೊಲಗುತ್ತದೆ. ಅಂದರೆ "ಬೀಡೀನೇ ಚಲೋ ಇತ್ತು" ಎಂದು ಅವರು ಹೇಳಿದ ಹೊತ್ತಿನಲ್ಲಿ ಅವರ ರಕ್ತ ಆಮ್ಲಜನಕವನ್ನು ಮೊದಲಿಗಿಂತ ಚೆನ್ನಾಗಿ ಹೊರುತ್ತಿತ್ತು. ಬೀಡಿ ಚಿಕ್ಕದು, ಸಿಗರೇಟಿನಷ್ಟು ಕೆಡುಕಲ್ಲವೆಂದು ನಂಬಿದವರಿದ್ದಾರೆ. ಎಲೆಯಲ್ಲಿ ಸುತ್ತಿದ ಬೀಡಿ ಬೇಗನೆ ಆರುವುದರಿಂದ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಒಳಹೋಗುವ ವಿಷವೂ ಕಡಿಮೆಯದಲ್ಲ.

ಕಳೆದುಹೋದ ಉಸಿರು ಮರಳದಿದ್ದ ಮೇಲೆ ಬೀಡಿ ಬಿಟ್ಟು ಫಲವೇನು? ಈ ಪ್ರಶ್ನೆಗೆ ಇಂಗ್ಲೆಂಡಿನ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಅವರು ಲಂಡನ್ನಿನ ಸುಮಾರು ಎಂಟುನೂರು ಮಂದಿ ದುಡಿಯುವ ಗಂಡಸರ ಉಸಿರಿನ ಬಲವನ್ನು ಎಂಟು ವರ್ಷಗಳ ಕಾಲ ಅಳೆದರು. ವಯಸ್ಸಾದಂತೆ ಎಲ್ಲರ ಉಸಿರಿನ ಬಲವೂ ತುಸುತುಸುವೇ ಕುಗ್ಗುತ್ತದೆ. ಹೊಗೆಯ ಹಾನಿಗೆ ಸುಲಭವಾಗಿ ತುತ್ತಾಗುವವರಲ್ಲಿ ಈ ಕುಸಿತ ಬಹಳ ವೇಗವಾದುದು. ಧೂಮಪಾನ ಬಿಟ್ಟವರಿಗೆ ಕಳೆದದ್ದು ಹೆಚ್ಚಾಗಿ ಮರಳಲಿಲ್ಲ, ಆದರೆ ಮುಂದಿನ ಕುಸಿತ ಸೇದದವರಷ್ಟೇ ನಿಧಾನವಾಯಿತು. ಎಪ್ಪತ್ತನೆಯ ವಯಸ್ಸಿನಲ್ಲಿ ತಾನೇ ನಡೆದು ಸಂತೆಗೆ ಹೋಗುವುದೋ, ಹಾಸಿಗೆಯಲ್ಲಿ ಕುಳಿತು ಏದುವುದೋ ಎಂಬುದು ಈ ಅಂತರದಲ್ಲಿ ಅಡಗಿದೆ.

ಹೀಗೆಂದು ಪ್ರತಿಯೊಂದು ಕೆಮ್ಮನ್ನೂ ಗುಣವಾಗುವ ಲಕ್ಷಣವೆಂದು ಬಗೆದು ಸುಮ್ಮನಿರಲಾಗದು. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಬೇಕು, ಅದು ಕ್ಷಯವಾಗಿರಬಹುದು. ಕಫದಲ್ಲಿ ರಕ್ತ, ಎದೆನೋವು, ಕುಳಿತಲ್ಲೇ ಏದುಸಿರು ಕಂಡರೆ ತಡಮಾಡಬಾರದು. ಹಂಬಲವನ್ನು ತಡೆಯಲಾರದವರಿಗೆ ನೆರವಾಗಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2018ರಲ್ಲಿ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ದೂರವಾಣಿ ಸಲಹೆ ಆರಂಭವಾಯಿತು.

ನಮ್ಮ ರೈತರ ಕಫದಲ್ಲಿ ಕ್ಷಯದ ಸುಳಿವಿರಲಿಲ್ಲ. ಯಂತ್ರಕ್ಕೆ ಊದಿಸಿ ನೋಡಿದಾಗ ಶ್ವಾಸನಾಳಗಳು ಕಿರಿದಾಗಿರುವುದು ತಿಳಿಯಿತು. ಬಾಯಿಂದ ಎಳೆದುಕೊಳ್ಳುವ ಔಷಧವನ್ನು ಕೊಟ್ಟರು. ಯುಗಾದಿಯ ಹೊತ್ತಿಗೆ ಕೆಮ್ಮು ತಗ್ಗಿತು. ದಮ್ಮು ಪೂರ್ತಿ ಹೋಗಿಲ್ಲ. ಹೊಲದಿಂದ ಮನೆಗೆ ಬರುವಾಗ ಅವರು ಈಗಲೂ ದಾರಿಯಲ್ಲಿ ಕುಳಿತುಕೊಳ್ಳುತ್ತಾರೆ; ಮೂರು ಕಡೆಯಲ್ಲ, ಬೇವಿನ ಮರದ ಕೆಳಗೆ ಒಂದೇ ಸಲ.