ಎರೆಮಣ್ಣಿಗೊಂದು, ಕೆಂಪು ಮಣ್ಣಿಗೊಂದು: ಹೂಗಿಡಗಳಿಗೆ ಜೀವಾಣು ಗೊಬ್ಬರ

ಅಜಟೋಬ್ಯಾಕ್ಟರ್ ಪೊಟ್ಟಣ ತಂದು ಗುಲಾಬಿ ಕುಂಡಕ್ಕೆ ಹಾಕಿ, ಹದಿನೈದು ದಿನ ಕಾದು, ಏನೂ ಫರಕು ಬೀಳಲಿಲ್ಲವೆಂದು ಕೈಬಿಡುವವರು ಬಹಳ. ಯೂರಿಯಾದಂತೆ ವಾರದೊಳಗೆ ಎಲೆ ಹಸಿರಾಗಲಿ ಎಂಬ ನಿರೀಕ್ಷೆ ಇಲ್ಲಿ ಸಲ್ಲದು. ಪೊಟ್ಟಣದಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಮೊದಲು ಅವುಗಳ ಹೊಟ್ಟೆ ತುಂಬಬೇಕು.

ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವುದು ದುಬಾರಿ ಕೆಲಸ. ಒಂದು ಅಣು ಒಡೆಯಲು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಕನಿಷ್ಠ 16 ಖರ್ಚಾಗುತ್ತದೆ. ಆ ಶಕ್ತಿಯನ್ನು ಅಜಟೋಬ್ಯಾಕ್ಟರ್ ಮಣ್ಣಿನ ಸಾವಯವ ಇಂಗಾಲದಿಂದಲೇ ಪಡೆಯುತ್ತದೆ. ತಿಪ್ಪೆಗೊಬ್ಬರ ಕಾಣದ ಮಣ್ಣಿನಲ್ಲಿ ಅದು ಉಪವಾಸ ಬೀಳುತ್ತದೆ. ಕೈತುಂಬ ಯೂರಿಯಾ ಹಾಕಿದರೆ ಪುಕ್ಕಟೆ ಸಾರಜನಕ ಸಿಕ್ಕಿತೆಂದು ಗಾಳಿಯಿಂದ ಹಿಡಿಯುವುದನ್ನೇ ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ಹೂಗಿಡಗಳಲ್ಲಿ ಇದರ ದೊಡ್ಡ ಉಪಕಾರ ಸಾರಜನಕಕ್ಕಿಂತಲೂ ಬೇರಿನದು. ಈ ಜೀವಾಣುಗಳು ಇಂಡೋಲ್ ಅಸಿಟಿಕ್ ಆಮ್ಲವೆಂಬ ಬೆಳವಣಿಗೆಯ ಹಾರ್ಮೋನು ಸ್ರವಿಸುತ್ತವೆ. ಉಪಚರಿಸಿದ ಚೆಂಡುಹೂವಿನ ಸಸಿಯೊಂದನ್ನು ಮೆಲ್ಲಗೆ ಕಿತ್ತು, ನೀರಿನಲ್ಲಿ ಅಲುಗಿಸಿ ತೊಳೆದು, ಉಪಚರಿಸದ ಸಸಿಯ ಪಕ್ಕ ಬಿಳಿ ಕಾಗದದ ಮೇಲಿಟ್ಟು ನೋಡಿ. ಜೀವಾಣು ನೆಲೆಯೂರಿದ್ದರೆ ಕವಲು ಬೇರು, ಕೂದಲು ಬೇರು ದಟ್ಟವಾಗಿರುತ್ತವೆ. ಎಲೆಯಲ್ಲಿ ಫರಕು ಕಾಣುವ ಮೊದಲೇ ಇದು ಕಾಣುತ್ತದೆ.

ಯಾವ ಜೀವಾಣು ಎಂಬುದನ್ನು ಮಣ್ಣು ನೋಡಿ ಆರಿಸಬೇಕು. ಮಹಾರಾಷ್ಟ್ರದ ಕೊಲ್ಹಾಪುರ, ಇಚಲಕರಂಜಿಯ ಪಂಚಗಂಗೆ ಬಯಲಿನದು ಬಹುಮಟ್ಟಿಗೆ ಸುಣ್ಣ ಬೆರೆತ ಎರೆಮಣ್ಣು. ಒಂದು ಹೆಂಟೆಗೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಸುಣ್ಣವಿದೆ. ಅಲ್ಲಿ ರಂಜಕ ಕ್ಯಾಲ್ಸಿಯಂ ಜೊತೆ ಗಂಟುಬಿದ್ದು ಬೇರಿಗೆ ದಕ್ಕದಂತಾಗುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಅಂದರೆ ಪಿಎಸ್‌ಬಿ, ಗ್ಲುಕೋನಿಕ್‌ನಂಥ ಆಮ್ಲ ಬಿಟ್ಟು ಆ ಗಂಟು ಬಿಡಿಸುತ್ತದೆ. ಇಂಥ ಮಣ್ಣಿಗೆ ಪಿಎಸ್‌ಬಿ, ಅಜಟೋಬ್ಯಾಕ್ಟರ್ ಜೋಡಿ ಸರಿ. ಗಡಹಿಂಗ್ಲಜ ದಾಟಿ ಆಜರಾ, ಚಂದಗಡದತ್ತ ಹೋದಂತೆ ಜಂಬಿಟ್ಟಿಗೆಯ ಕೆಂಪು ಮಣ್ಣು ಬರುತ್ತದೆ. ಅದು ಹುಳಿ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಅಜಟೋಬ್ಯಾಕ್ಟರ್ ಸೊರಗುತ್ತದೆ. ಅಲ್ಲಿ ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾ ಅಜೋಸ್ಪಿರಿಲಂ ವಾಸಿ. ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿರುವುದರಿಂದ ಬೇರಿನೊಳಗೆ ಬೆಳೆದು ದೂರದಿಂದ ರಂಜಕ ತರುವ ಮೈಕೊರೈಜಾ ಶಿಲೀಂಧ್ರವೂ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡಿ.ಜೆ. ಭಾಗ್ಯರಾಜ್ ದಶಕಗಟ್ಟಲೆ ಅಧ್ಯಯನ ಮಾಡಿದ್ದು ಈ ಶಿಲೀಂಧ್ರಗಳನ್ನೇ. ಮೈಕೊರೈಜಾ ಬೇರಿಗೆ ತಗುಲಲೇಬೇಕು, ಆದ್ದರಿಂದ ಸಸಿ ನೆಡುವಾಗ ಗುಣಿಯೊಳಗೇ ಹಾಕಿ. ಡಿಎಪಿಯಂಥ ರಂಜಕದ ಗೊಬ್ಬರ ಸುರಿದ ಕುಂಡದಲ್ಲಿ ಇದು ಬೆಳೆಯದು.

ಶಿರೋಳ ತಾಲ್ಲೂಕಿನಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾದ ಹೊಲಗಳ ಮಣ್ಣನ್ನಂತೂ ಕುಂಡಕ್ಕೆ ತುಂಬಬೇಡಿ. ಆ ಉಪ್ಪನ್ನು ಯಾವ ಪೊಟ್ಟಣವೂ ತೆಗೆಯಲಾರದು.

ಕೊಲ್ಹಾಪುರ ಸೀಮೆಗೆ ಒಂದು ಅನುಕೂಲವಿದೆ: ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್. ಹಸಿಯಾಗಿ ಹಾಕಿದರೆ ಕಾವು ಏರಿ ಬೇರು ಸುಡುತ್ತದೆ. ಚೆನ್ನಾಗಿ ಕಳಿತು, ಮಣ್ಣಿನ ವಾಸನೆ ಬಂದ ಮೇಲೆ ಕುಂಡದ ಮೂರನೇ ಒಂದು ಪಾಲು ಬೆರೆಸಬಹುದು. ಬೀಜೋಪಚಾರಕ್ಕೆ ಕೊಲ್ಹಾಪುರದ ಬೆಲ್ಲವೇ ಇದೆ. ಲೀಟರಿಗೆ 100 ಗ್ರಾಂ ಕುದಿಸಿ, ಪೂರ್ತಿ ಆರಿಸಿ ಜೀವಾಣು ಕಲಸಿದರೆ ಪುಡಿ ಬೀಜಕ್ಕೆ ಅಂಟುತ್ತದೆ, ಬ್ಯಾಕ್ಟೀರಿಯಾಕ್ಕೆ ಮೊದಲ ತುತ್ತೂ ಸಿಗುತ್ತದೆ. ಬೀಜವನ್ನು ನೆರಳಲ್ಲಿ ಒಣಗಿಸಿ. ಸಸಿಗಳಾದರೆ ಪುಡಿ ಕದಡಿದ ನೀರಿನಲ್ಲಿ ಅರ್ಧ ಗಂಟೆ ಬೇರದ್ದಿ, ಇಳಿಹೊತ್ತಿನಲ್ಲಿ ನೆಡಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ, ಕ್ಲೋರಿನ್ ಹಾರಿಹೋಗಲಿ. ಶಿಲೀಂಧ್ರನಾಶಕ ಜೊತೆಗೆ ಬೇಡ.

ಮಣ್ಣು ಚುರುಕಾಗಿದೆಯೇ ಎಂದು ಪ್ರಯೋಗಾಲಯದಲ್ಲಿ ಡಿಹೈಡ್ರೋಜಿನೇಸ್ ಕಿಣ್ವ ಅಳೆದು ಹೇಳುತ್ತಾರೆ: ಬಣ್ಣವಿಲ್ಲದ ಟೆಟ್ರಜೋಲಿಯಂ ಲವಣವನ್ನು ಜೀವಂತ ಮಣ್ಣು ಕೆಂಪಾಗಿಸುತ್ತದೆ, ಕೆಂಪು ಗಾಢವಾದಷ್ಟೂ ಚಟುವಟಿಕೆ ಹೆಚ್ಚು. ಮನೆಯಲ್ಲಿ ಹತ್ತಿ ಬಟ್ಟೆ ಸಾಕು. ಇಚಲಕರಂಜಿಯ ಮಗ್ಗದ ಕೋರಾ ಬಟ್ಟೆಯ ಎರಡು ತುಂಡನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಸೈಜಿಂಗ್ ಗಂಜಿ ತೆಗೆಯಿರಿ, ಇಲ್ಲದಿದ್ದರೆ ಗಂಜಿಗೇ ಸೂಕ್ಷ್ಮಜೀವಿಗಳು ಮುತ್ತಿ ಫಲಿತಾಂಶ ಕೆಡುತ್ತದೆ. ಜೀವಾಣು ಹಾಕಿದ ಕುಂಡದಲ್ಲೊಂದು, ಹಾಕದ ಕುಂಡದಲ್ಲೊಂದು ಗೇಣುದ್ದ ಆಳಕ್ಕೆ ಹೂತು, ಎರಡಕ್ಕೂ ಒಂದೇ ಅಳತೆಯ ನೀರು ಹಾಕುತ್ತಾ ಎರಡು ತಿಂಗಳಿಗೆ ತೆಗೆಯಿರಿ. ಹೆಚ್ಚು ಜಾಳಾಗಿ ಹರಿದುಬಂದ ಕಡೆ ಮಣ್ಣು ದುಡಿಯುತ್ತಿದೆ.

ಕೊಳ್ಳುವಾಗ ಅವಧಿ ದಿನಾಂಕ ಓದಿ. ಬಿಸಿಲಿಗೆ ಒಡ್ಡಿದ ಶೋಕೇಸಿನ ಪೊಟ್ಟಣ ಬೇಡವೆನ್ನಿ. ಅದರೊಳಗಿನ ಜೀವ ಆಗಲೇ ಹೋಗಿರಬಹುದು.