ಗಡ್ಡೆಯ ಗುಣ ಹೇಳುವ ಕಂದು ಬಣ್ಣ

ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಎಂದು ಗೊತ್ತಾದರೆ ಮನೆಯವರು ಮೊದಲು ಕೇಳುವುದು, 'ಎಷ್ಟನೇ ಸ್ಟೇಜು ಡಾಕ್ಟ್ರೇ?' ಆದರೆ ಒಂದೇ ಸ್ಟೇಜಿನ ಇಬ್ಬರಲ್ಲಿ ಒಬ್ಬರು ಆಪರೇಷನ್ನಿಗೇ ಗುಣವಾಗಿ, ಇನ್ನೊಬ್ಬರಿಗೆ ಕಾಯಿಲೆ ಮರುಕಳಿಸುವುದುಂಟು. ಅದರ ಸುಳಿವು ಗಡ್ಡೆಯ ಪ್ರೋಟೀನುಗಳಲ್ಲಿ ಸಿಗುತ್ತದೆ.

ಪೆಥಾಲಜಿ ಲ್ಯಾಬಿನಲ್ಲಿ ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ, ಸುಮಾರು 4 ಮೈಕ್ರಾನ್ ತೆಳುವಾಗಿ ಕೊಯ್ದು ಸ್ಲೈಡಿಗೆ ಏರಿಸುತ್ತಾರೆ. ಬೇಕಾದ ಪ್ರೋಟೀನಿಗಷ್ಟೇ ಅಂಟುವ ಆ್ಯಂಟಿಬಾಡಿ ಹಾಕಿ ಬಣ್ಣ ಬರಿಸಿದರೆ, ಪ್ರೋಟೀನು ಇರುವ ಕೋಶ ಕಂದು, ಇಲ್ಲದ್ದು ನೀಲಿ. ಇದೇ ಐಎಚ್‌ಸಿ ಪರೀಕ್ಷೆ.

ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪಿ53 ಪ್ರೋಟೀನನ್ನು ಓದುವುದು ಇದರಲ್ಲಿ ಸೂಕ್ಷ್ಮದ ಕೆಲಸ. ಜೀನ್ ಸರಿಯಿದ್ದರೆ ಕಂದು ಅಲ್ಲಲ್ಲಿ ಗಾಢ, ಅಲ್ಲಲ್ಲಿ ತಿಳಿ. ಜೀನ್ ಕೆಟ್ಟಾಗ ಸಾಮಾನ್ಯವಾಗಿ ದೋಷಯುತ ಪ್ರೋಟೀನು ಶೇಖರವಾಗಿ ಬಹುತೇಕ ಎಲ್ಲ ಕೋಶಗಳೂ ಕಡುಕಂದು. ಕೆಲವೊಮ್ಮೆ ಪ್ರೋಟೀನೇ ತಯಾರಾಗದೆ ಗಡ್ಡೆಯಿಡೀ ನೀಲಿ. ಅತಿಯೂ ಕೆಡುಕೇ, ಶೂನ್ಯವೂ ಕೆಡುಕೇ. ನೀಲಿ ಕಂಡಾಗ ಪರೀಕ್ಷೆಯೇ ಕೈಕೊಟ್ಟಿತೇ ಎಂದು ತಿಳಿಯಲು ಪಕ್ಕದ ಆರೋಗ್ಯವಂತ ಕೋಶಗಳನ್ನು ನೋಡುತ್ತಾರೆ. ಅವು ಕಂದಾಗಿದ್ದರೆ ಗಡ್ಡೆಯ ನೀಲಿ ನಿಜ.

ಡಿಎನ್‌ಎ ನಕಲಿನ ತಪ್ಪು ತಿದ್ದುವ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು 'ಎಂಎಂಆರ್' ಪ್ರೋಟೀನುಗಳನ್ನೂ ನೋಡುತ್ತಾರೆ. ಇವುಗಳಲ್ಲಿ ಯಾವುದಾದರೂ ಕಾಣೆಯಾದ ಗಡ್ಡೆ ಮಧ್ಯಮ ಅಪಾಯದ್ದು. ಕಾಯಿಲೆ ಹರಡಿದರೂ ಇಮ್ಯುನೋಥೆರಪಿಗೆ ಬಗ್ಗುವ ಸಾಧ್ಯತೆ ಹೆಚ್ಚು. ಕೆಲವರಲ್ಲಿ ಇದು ವಂಶಪಾರಂಪರ್ಯವಾದ ಲಿಂಚ್ ಸಿಂಡ್ರೋಮಿನ ಸೂಚನೆ. ಆಗ ಮಕ್ಕಳು, ಒಡಹುಟ್ಟಿದವರೂ ಜೆನೆಟಿಕ್ ಸಲಹೆ ಪಡೆಯಬೇಕು.

ಪೋಲ್ ಎಂಬ ಜೀನಿನ ಬದಲಾವಣೆ ಮಾತ್ರ ಈ ಬಣ್ಣಕ್ಕೆ ಸಿಗದು, ಜೀನನ್ನೇ ಓದಿಸಬೇಕು. ಸೂಕ್ಷ್ಮದರ್ಶಕದಲ್ಲಿ ಉಗ್ರವಾಗಿ ಕಂಡರೂ ಈ ಬಗೆಯ ಗಡ್ಡೆ ಮರಳುವುದು ಬಲು ಅಪರೂಪ.

2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಜೀನುಗಳ ಇಂಥ ಬದಲಾವಣೆಗಳ ಆಧಾರದಲ್ಲೇ ಈ ಕ್ಯಾನ್ಸರನ್ನು ನಾಲ್ಕು ಗುಂಪಾಗಿಸಿತ್ತು. ಹತ್ತು ವರ್ಷಕ್ಕೆ ಅದು ಸ್ಟೇಜಿನ ಲೆಕ್ಕವನ್ನೇ ಬದಲಿಸಿತು. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ 'ಫಿಗೊ'ದ 2023ರ ನಿಯಮದಂತೆ, ಪಿ53 ಕೆಟ್ಟ ಗಡ್ಡೆ ಗರ್ಭಕೋಶದ ಸ್ನಾಯುವಿಗೆ ಇಳಿದಿದ್ದರೆ, ಹೊರಗೆ ಹರಡದಿದ್ದರೂ ಎರಡನೇ ಸ್ಟೇಜು. ಇಂಥವರಿಗೆ ರೇಡಿಯೇಷನ್ ಜೊತೆ ಕೀಮೊ ಸೇರಿಸಿದರೆ ಹೆಚ್ಚು ಲಾಭ ಎಂದು ಪೋರ್ಟೆಕ್-3 ಅಧ್ಯಯನ ತೋರಿಸಿದೆ.

ಹಾಗೆಂದು ಕಂದು ಬಣ್ಣವೊಂದೇ ಹಣೆಬರಹವಲ್ಲ. ವಯಸ್ಸು, ಗಡ್ಡೆ ಇಳಿದ ಆಳ, ಲಿಂಫ್ ಗ್ರಂಥಿಗಳ ಸ್ಥಿತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಯಾಪ್ಸಿ ವರದಿ ಕೈಗೆ ಬಂದಾಗ ಪಿ53 ಮತ್ತು ಎಂಎಂಆರ್ ನೋಡಿದ್ದಾರೆಯೇ ಎಂದು ಕೇಳಿ. ನೋಡಿಲ್ಲವಾದರೆ ಲ್ಯಾಬಿನಲ್ಲಿರುವ ಅದೇ ಮೇಣದ ಬ್ಲಾಕಿನಿಂದ ಮಾಡಿಸಬಹುದು.